ಒಂಬತ್ತು ಪಂದ್ಯ ಗೆದ್ದವರನ್ನೂ ಮನೆಗೆ ಕಳಿಸಿದ ನೆಬ್ರಾಸ್ಕಾ

2003ರ ನವೆಂಬರ್ 28, ಶುಕ್ರವಾರ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ತಂಡ ಪಕ್ಕದ ರಾಜ್ಯ ಕೊಲೊರಾಡೋಗೆ ಹೋಗಿ 31-22ರಿಂದ ಗೆದ್ದು ಬಂತು. ಆ ಸೀಸನ್ನಿನಲ್ಲಿ ಅದು ಒಂಬತ್ತನೇ ಗೆಲುವು, ಸೋತದ್ದು ಮೂರೇ ಮೂರು. ಮರುದಿನ ಸಂಜೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ, ಅಂದರೆ ಅಥ್ಲೆಟಿಕ್ ಡೈರೆಕ್ಟರ್ ಸ್ಟೀವ್ ಪೀಡರ್ಸನ್ ಅವರು ಹೆಡ್ ಕೋಚ್ ಫ್ರಾಂಕ್ ಸೋಲಿಚ್ ಅವರನ್ನು ಕೆಲಸದಿಂದ ತೆಗೆದರು. ಆರು ವರ್ಷದಲ್ಲಿ 58 ಗೆಲುವು, 19 ಸೋಲು ಅವರ ಲೆಕ್ಕ. ತಂಡ ಸಾಧಾರಣ ಮಟ್ಟಕ್ಕೆ ಜಾರುವುದಕ್ಕೆ ಬಿಡುವುದಿಲ್ಲ ಎಂಬ ಅರ್ಥದ ಮಾತನ್ನು ಪೀಡರ್ಸನ್ ಪತ್ರಕರ್ತರ ಮುಂದೆ ಆಡಿದರು.

ನೆಬ್ರಾಸ್ಕಾ ಕೊನೆಯ ಸಲ ತನ್ನ ಕಾನ್ಫರೆನ್ಸ್ (ಒಟ್ಟಿಗೆ ಆಡುವ ಕಾಲೇಜುಗಳ ಗುಂಪು) ಪ್ರಶಸ್ತಿ ಗೆದ್ದದ್ದು 1999ರಲ್ಲಿ, ಅದೇ ಸೋಲಿಚ್ ಕೈಕೆಳಗೆ. ಅವರು ಹೋದ ಮೇಲೆ ಬಂದ ಐವರು ಪೂರ್ಣಾವಧಿ ಕೋಚ್‌ಗಳಲ್ಲಿ ಒಬ್ಬರಿಗೂ ಅದು ಸಿಕ್ಕಿಲ್ಲ.

ಈ ಕಥೆಯನ್ನು ನಾನು ಅಲ್ಲೇ ಇದ್ದು ಕಂಡವನು. ಅದೇ ವರ್ಷ ಲಿಂಕನ್ ಊರಿಗೆ ಓದಲು ಬಂದಿದ್ದೆ, ಆಮೇಲೆ ಕೆಲಸ ಸಿಕ್ಕಿ ಒಮಾಹಾದಲ್ಲಿ ಉಳಿದೆ. ಕೋಚನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂಬ ವಾದ ಇಲ್ಲಿ ಹಾಲು ತರಲು ಹೋದ ಅಂಗಡಿಯಲ್ಲಿ, ಹಲ್ಲು ತೋರಿಸಲು ಹೋದ ಡಾಕ್ಟರ ಕುರ್ಚಿಯಲ್ಲಿ, ಮಗಳ ಶಾಲೆಯ ಗೇಟಿನಲ್ಲಿ ನಡೆಯುತ್ತದೆ. ಇಷ್ಟು ವರ್ಷ ಕೇಳಿಸಿಕೊಂಡ ಮೇಲೆ ನನ್ನಲ್ಲೊಂದು ಅಭಿಪ್ರಾಯ ಗಟ್ಟಿಯಾಗಿದೆ. ಕೋಚನ್ನು ಬದಲಾಯಿಸುವುದು ಎರಡು ನಿರ್ಧಾರಗಳ ಕೆಲಸ: ಇವರನ್ನು ಕಳಿಸಬೇಕೇ ಅನ್ನುವುದು ಒಂದು, ಇವರ ಜಾಗಕ್ಕೆ ಯಾರು ಬಂದು ಏನನ್ನು ಬೇರೆ ರೀತಿ ಮಾಡುತ್ತಾರೆ ಅನ್ನುವುದು ಇನ್ನೊಂದು. ಅಭಿಮಾನಿಗಳು ಗಂಟಲು ಹರಿಯುವಂತೆ ವಾದಿಸುವುದು ಮೊದಲನೆಯದನ್ನು ಮಾತ್ರ. ತಂಡದ ಹಣೆಬರಹ ತೀರ್ಮಾನವಾಗುವುದು ಎರಡನೆಯದರಲ್ಲಿ.

ಮೊದಲು ಈ ಊರಿನವರ ಹುಚ್ಚು ಎಂಥದ್ದು ಅಂತ ಹೇಳಬೇಕು. ನಾನು ಹೇಳುತ್ತಿರುವುದು ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಫುಟ್ಬಾಲ್. ಅದರಲ್ಲೂ ಕಾಲೇಜು ಹುಡುಗರು ಆಡುವುದು. ನೆಬ್ರಾಸ್ಕಾ ರಾಜ್ಯದ ಜನಸಂಖ್ಯೆ ಸುಮಾರು ಇಪ್ಪತ್ತು ಲಕ್ಷ. ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡ ಇಲ್ಲ, ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ತಂಡ ಇಲ್ಲ, ದೊಡ್ಡ ಬೇಸ್‌ಬಾಲ್ ಲೀಗಿನ ತಂಡವೂ ಇಲ್ಲ. ಇರುವುದೆಲ್ಲ ಮೆಕ್ಕೆಜೋಳದ ಹೊಲ, ದನ ಮೇಯುವ ಮರಳುಗುಡ್ಡ, ನಡುವೆ ಸೀಳಿಕೊಂಡು ಹೋಗುವ ಐ-80 ಹೆದ್ದಾರಿ, ಮತ್ತು ಕಾರ್ನ್‌ಹಸ್ಕರ್ಸ್ ಎಂಬ ಈ ಒಂದು ತಂಡ. ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರ್ 3ರಂದು ಮಿಸೌರಿ ಎದುರಿನ ಪಂದ್ಯಕ್ಕೆ ಎಲ್ಲ ಟಿಕೆಟ್ ಖರ್ಚಾದವು. ಅಲ್ಲಿಂದ ಇಲ್ಲಿಯವರೆಗೆ ತವರಿನ ಒಂದು ಪಂದ್ಯವೂ ಟಿಕೆಟ್ ಉಳಿದು ನಡೆದಿಲ್ಲ. ಪಂದ್ಯದ ಶನಿವಾರ ಎಂಬತ್ತೈದು ಸಾವಿರ ಜನ ಒಳಗೆ ಕೂತಾಗ ಒಮಾಹಾ, ಲಿಂಕನ್ ಬಿಟ್ಟರೆ ಆ ಸ್ಟೇಡಿಯಮ್ಮೇ ರಾಜ್ಯದ ಮೂರನೇ ದೊಡ್ಡ ಊರು. ಎಲ್ಲರ ಮೈಮೇಲೂ ಕೆಂಪು ಬಟ್ಟೆ.

ಓದುವ ದಿನಗಳಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಹೊಲ ಮಾರಿ ಊರಿಗೆ ಬಂದು ನೆಲೆಸಿದ್ದ ರೈತರು. ಅವರ ತಂದೆಯ ಕಾಲದಿಂದ ಬಂದ ಎರಡು ಸೀಸನ್ ಟಿಕೆಟ್ ಅವರ ಬಳಿ ಇದ್ದವು. ಆ ನವೆಂಬರ್‌ನಲ್ಲಿ ಕ್ಯಾನ್ಸಸ್ ಸ್ಟೇಟ್ ಎದುರಿನ ಪಂದ್ಯಕ್ಕೆ ಹೆಂಡತಿಗೆ ಮೈ ಹುಷಾರಿಲ್ಲ ಅಂತ ನನ್ನನ್ನು ಕರೆದುಕೊಂಡು ಹೋದರು. ಅಲ್ಯೂಮಿನಿಯಂ ಬೆಂಚು ಚಳಿಗೆ ಮಂಜುಗಡ್ಡೆಯಾಗಿತ್ತು. ಕೆಂಪು ಬಣ್ಣ ಮಾಸಿ ಗುಲಾಬಿಯಾಗಿದ್ದ ದಿಂಬೊಂದನ್ನು ನನ್ನ ಕೆಳಗೆ ತಳ್ಳಿ, ತಾವು ಜೇಬಿನಿಂದ ಪುಟ್ಟ ರೇಡಿಯೋ ತೆಗೆದು ಒಂದು ಕಿವಿಗೆ ವಯರು ಸಿಕ್ಕಿಸಿಕೊಂಡರು. ಕಣ್ಣೆದುರು ನಡೆಯುವ ಆಟದ ವಿವರಣೆಯನ್ನು ರೇಡಿಯೋದಲ್ಲೂ ಕೇಳಬೇಕು. ಟ್ರ್ಯಾಕ್ಟರ್ ಮೇಲೆ ಕೂತು ಕೇಳಿ ಕೇಳಿ ಬೆಳೆದ ಅಭ್ಯಾಸ ಅಂದರು. ಅವತ್ತು ನೆಬ್ರಾಸ್ಕಾ 38-9ರಿಂದ ಸೋತಿತು. ಕ್ಯಾನ್ಸಸ್ ಸ್ಟೇಟ್ ಲಿಂಕನ್‌ಗೆ ಬಂದು ಗೆಲ್ಲದೆ ಮೂವತ್ತೈದು ವರ್ಷವಾಗಿತ್ತು. ಪಂದ್ಯ ಮುಗಿದ ಮೇಲೆ ಗೆದ್ದ ತಂಡದ ಹುಡುಗರು ಒಳಗೆ ಹೋಗುವಾಗ ನಮ್ಮ ಸಾಲಿನಲ್ಲಿ ಉಳಿದಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದುರಾಳಿಗೆ ಹೀಗೆ ಗೌರವ ಕೊಡುವುದು ಇಲ್ಲಿನ ಹಳೆಯ ಪದ್ಧತಿ. ಚಪ್ಪಾಳೆ ನಿಂತ ಮರುಕ್ಷಣ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಇವನು ಹೋಗಲೇಬೇಕು." ಪಕ್ಕದವನು ಹೂಂ ಅಂದ. ಯಜಮಾನರು ತಿರುಗಿ ನೋಡಲಿಲ್ಲ, ಕಿವಿಯ ವಯರನ್ನು ಬೆರಳಿಗೆ ಸುತ್ತಿಕೊಂಡರು. ವಾಪಸು ಬರುವಾಗ ಕಾರಿನ ರೇಡಿಯೋದಲ್ಲಿ ಜನ ಫೋನ್ ಮಾಡಿ ಮಾಡಿ ಅದೇ ಮಾತು. ಮನೆ ಮುಂದೆ ಗಾಡಿ ನಿಲ್ಲಿಸಿ ಅವರು ಅಂದದ್ದು ಒಂದೇ: "ಟಾಮ್‌ಗೂ ಹೀಗೇ ಅಂದಿದ್ದರು."

ಟಾಮ್ ಅಂದರೆ ಟಾಮ್ ಆಸ್ಬೋರ್ನ್. 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ಹೆಡ್ ಕೋಚ್, 255 ಗೆಲುವು, 49 ಸೋಲು, 3 ಡ್ರಾ. ಮೂರು ರಾಷ್ಟ್ರೀಯ ಪ್ರಶಸ್ತಿ: 1994, 1995, 1997. ಆಮೇಲೆ ಜನ ಅವರನ್ನು ಸಂಸತ್ತಿಗೂ ಆರಿಸಿ ಕಳಿಸಿದರು. ಆದರೆ ಅವರ ಆರಂಭದ ವರ್ಷಗಳನ್ನು ನೋಡಿ. ಅವರಿಗಿಂತ ಮುಂಚೆ ಇದ್ದ ಬಾಬ್ ಡಿವೇನಿ 1970, 1971ರಲ್ಲಿ ಬೆನ್ನುಬೆನ್ನಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಆಸ್ಬೋರ್ನ್ ಮೊದಲ ಐದೂ ವರ್ಷ ಒಕ್ಲಹೋಮಾ ಎದುರು ಸೋತರು. ದೊಡ್ಡ ಪಂದ್ಯ ಗೆಲ್ಲಲಾರದವ ಅನ್ನುವ ಹಣೆಪಟ್ಟಿ ಬಿತ್ತು. 1978ರಲ್ಲಿ ಒಕ್ಲಹೋಮಾವನ್ನು 17-14ರಿಂದ ಸೋಲಿಸಿದ ಮೇಲೂ ಬೇಸತ್ತು ಕೊಲೊರಾಡೋ ಕೊಟ್ಟ ಆಹ್ವಾನವನ್ನು ಗಂಭೀರವಾಗಿ ಯೋಚಿಸಿದ್ದರು. ಒಳ್ಳೆಯ ಸೀಸನ್ ಆಡಿದ ತಂಡಗಳಿಗೆ ಸೀಸನ್ ಕೊನೆಯಲ್ಲಿ ಸಿಗುವ ವಿಶೇಷ ಪಂದ್ಯಕ್ಕೆ ಬೌಲ್ ಅನ್ನುತ್ತಾರೆ. 1984ರ ಜನವರಿಯ ಆರೆಂಜ್ ಬೌಲ್ ಪಂದ್ಯದಲ್ಲಿ ಮಯಾಮಿ ಎದುರು ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟಿನ ಒದೆತ ಸಾಕಿತ್ತು, ಡ್ರಾ ಆಗುತ್ತಿತ್ತು. ಅಲ್ಲಿಯವರೆಗೆ ಅಜೇಯವಾಗಿದ್ದ ತಂಡಕ್ಕೆ ಬಹುತೇಕ ಪ್ರಶಸ್ತಿಯೂ ಸಿಗುತ್ತಿತ್ತು. ಡ್ರಾಗೆ ಆಡುವುದು ಬೇಡ ಅಂತ ಎರಡು ಪಾಯಿಂಟಿಗೆ ಹೋದರು, ಚೆಂಡು ಕೈತಪ್ಪಿತು, 31-30ರಿಂದ ಸೋತರು. 1988ರಿಂದ 1994ರ ಜನವರಿಯವರೆಗೆ ಸತತ ಏಳು ಬೌಲ್ ಪಂದ್ಯಗಳಲ್ಲಿ ಸೋಲು. ಮೊದಲ ಪ್ರಶಸ್ತಿ ಬಂದದ್ದು ಅವರ ಇಪ್ಪತ್ತೆರಡನೇ ಸೀಸನ್ನಿನಲ್ಲಿ!

ಯಾವುದೇ ಕೋಚನ್ನು ಉಳಿಸಿಕೊಳ್ಳಬೇಕು ಅನ್ನುವವರು ನೆಬ್ರಾಸ್ಕಾದಲ್ಲಿ ಮೊದಲು ಎತ್ತುವುದು ಆಸ್ಬೋರ್ನ್ ಹೆಸರನ್ನೇ. ತಾಳ್ಮೆ ಇತ್ತು, ಫಲ ಬಂತು ಅನ್ನುತ್ತಾರೆ. ನನಗೆ ಆಸ್ಬೋರ್ನ್ ಮೇಲೆ ಅಪಾರ ಗೌರವ ಇದ್ದರೂ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಇಪ್ಪತ್ತೈದು ವರ್ಷದಲ್ಲಿ ಒಂದು ವರ್ಷವೂ ಅವರು ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆದ್ದವರಲ್ಲ. ಅವರಿಗೆ ತೋರಿಸಿದ ತಾಳ್ಮೆ ಗೆಲ್ಲುತ್ತಿದ್ದವನಿಗೆ ತೋರಿಸಿದ ತಾಳ್ಮೆ. ಅದನ್ನು ವರ್ಷಕ್ಕೆ ನಾಲ್ಕು ಗೆಲ್ಲುವವನ ಪರವಾಗಿ ಸಾಕ್ಷಿ ಹೇಳಿಸಲು ಆಗುವುದಿಲ್ಲ. ಅವರ ಕಥೆ ಸೋಲಿಚ್‌ಗೆ ಮಾತ್ರ ಸರಿಯಾಗಿ ಹೊಂದುತ್ತಿತ್ತು, ಸೋಲಿಚ್‌ಗೆ ಮಾತ್ರ ಅದು ಉಪಯೋಗಕ್ಕೆ ಬರಲಿಲ್ಲ.

ಸೋಲಿಚ್ ಹೊರಗಿನವರೂ ಅಲ್ಲ. ಡಿವೇನಿ ಕಾಲದಲ್ಲಿ ನೆಬ್ರಾಸ್ಕಾ ಪರ ಆಡಿದವರು, 1979ರಿಂದ ಆಸ್ಬೋರ್ನ್ ಕೈಕೆಳಗೆ ಸಹಾಯಕ ಕೋಚ್. 2001ರಲ್ಲಿ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವ ಹುಡುಗ, ಎರಿಕ್ ಕ್ರೌಚ್‌ಗೆ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಬಂತು, ತಂಡ ರಾಷ್ಟ್ರೀಯ ಫೈನಲ್ ಆಡಿತು. ಆದರೆ ಅದಕ್ಕೆ ಮುಂಚೆ ಕೊಲೊರಾಡೋದಲ್ಲಿ 62-36ರ ಸೋಲು, ಫೈನಲ್‌ನಲ್ಲಿ ಮಯಾಮಿ ಎದುರು 37-14ರ ಸೋಲು. ಮರುವರ್ಷ 7-7, ಅಂದರೆ ಏಳು ಗೆಲುವು, ಏಳು ಸೋಲು. 1961ರಿಂದ ಈಚೆಗೆ ಗೆಲುವು ಸೋಲಿಗಿಂತ ಹೆಚ್ಚಿರದ ಮೊದಲ ಸೀಸನ್ ಅದು. ಜನರಿಗೆ ದಿಗಿಲಾಯಿತು. ಸೋಲಿಚ್ ಸುಮ್ಮನೆ ಕೂರಲಿಲ್ಲ. ಸಹಾಯಕರಲ್ಲಿ ಹಲವರನ್ನು ಬದಲಾಯಿಸಿದರು, ಬೋ ಪೆಲೀನಿ ಎಂಬ ಬಿರುಸಿನ ಮನುಷ್ಯನನ್ನು ಡಿಫೆನ್ಸ್ ನೋಡಿಕೊಳ್ಳಲು ಕರೆತಂದರು. ಒಂದೇ ವರ್ಷದಲ್ಲಿ ಡಿಫೆನ್ಸ್ ಮತ್ತೆ ಹಲ್ಲು ಪಡೆಯಿತು, 7-7 ಇದ್ದದ್ದು 9-3 ಆಯಿತು. ರೋಗಕ್ಕೆ ಔಷಧ ಹತ್ತುತ್ತಿದೆ ಅನ್ನುವ ಹೊತ್ತಿಗೆ ವೈದ್ಯರನ್ನೇ ಕಳಿಸಿದರು.

ಕಳಿಸಿದ್ದಾಯಿತು, ಬರುವವರು ಯಾರು? ಪೀಡರ್ಸನ್ ಬಳಿ ಹೆಸರು ಇರಲಿಲ್ಲ. ಹುಡುಕಾಟ ಸುಮಾರು ಆರು ವಾರ ಎಳೆಯಿತು. ಅಷ್ಟರಲ್ಲಿ ಹಂಗಾಮಿ ಕೋಚ್ ಪೆಲೀನಿ ಅಲಾಮೋ ಬೌಲ್‌ನಲ್ಲಿ ಮಿಶಿಗನ್ ಸ್ಟೇಟನ್ನು 17-3ರಿಂದ ಸೋಲಿಸಿಬಿಟ್ಟಿದ್ದರು. 2004ರ ಜನವರಿಯಲ್ಲಿ ಕೊನೆಗೂ ಬಂದವರು ಬಿಲ್ ಕ್ಯಾಲಹನ್, ಎನ್‌ಎಫ್‌ಎಲ್‌ನ ಓಕ್ಲಂಡ್ ರೈಡರ್ಸ್ ಆಗಷ್ಟೇ ಕೈಬಿಟ್ಟಿದ್ದ ಕೋಚ್. ನೆಬ್ರಾಸ್ಕಾ ದಶಕಗಳಿಂದ ಆಡುತ್ತಿದ್ದುದು ಆಪ್ಷನ್ ಆಟ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಇಟ್ಟುಕೊಂಡು ಓಡುವುದೋ, ಪಕ್ಕದವನಿಗೆ ಎಸೆಯುವುದೋ ಅನ್ನುವುದನ್ನು ಓಡುತ್ತಾ ಓಡುತ್ತಾ ನಿರ್ಧರಿಸುವ ಆಟ. ಅದಕ್ಕೆಂದೇ ಆರಿಸಿದ ಹುಡುಗರ ಕೈಗೆ ಕ್ಯಾಲಹನ್ ಚೆಂಡನ್ನು ಮುಂದಕ್ಕೆ ಎಸೆದು ಆಡುವ, ವೆಸ್ಟ್ ಕೋಸ್ಟ್ ಶೈಲಿಯ ಪಾಸಿಂಗ್ ಆಟ ಕೊಟ್ಟರು. 2004ರಲ್ಲಿ 5-6. 1969ರಿಂದ ಸತತವಾಗಿ ಪ್ರತಿ ವರ್ಷ ಆಡುತ್ತಾ ಬಂದಿದ್ದ ಬೌಲ್ ಪಂದ್ಯ ಆ ವರ್ಷ ತಪ್ಪಿತು. 2007ರಲ್ಲಿ ಕ್ಯಾನ್ಸಸ್ ಒಂದೇ ಪಂದ್ಯದಲ್ಲಿ 76 ಪಾಯಿಂಟ್ ಹೊಡೆಯಿತು. ಆ ಅಕ್ಟೋಬರ್‌ನಲ್ಲಿ ಪೀಡರ್ಸನ್ ಅವರ ಕೆಲಸ ಹೋಯಿತು, ಸೀಸನ್ ಮುಗಿದ ಮೇಲೆ ಕ್ಯಾಲಹನ್ ಅವರದ್ದೂ.

ಸೋಲಿಚ್ ಎಲ್ಲಿಗೆ ಹೋದರು ಗೊತ್ತೇ? 2005ರಲ್ಲಿ ಓಹಾಯೋ ವಿಶ್ವವಿದ್ಯಾಲಯ ಎಂಬ, ಫುಟ್ಬಾಲ್‌ನಲ್ಲಿ ಹೇಳಿಕೊಳ್ಳುವ ಹೆಸರಿಲ್ಲದ ಜಾಗಕ್ಕೆ. ಅಲ್ಲಿ ಹದಿನಾರು ಸೀಸನ್ ಇದ್ದು 115 ಪಂದ್ಯ ಗೆದ್ದರು. ಆ ಶಾಲೆಯ ಚರಿತ್ರೆಯ ಮೊದಲ ಬೌಲ್ ಗೆಲುವು 2011ರಲ್ಲಿ ಅವರ ಕಾಲದಲ್ಲೇ ಬಂತು. ಮಿಡ್-ಅಮೆರಿಕನ್ ಕಾನ್ಫರೆನ್ಸಿನಲ್ಲಿ ಅವರಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ. ನೆಬ್ರಾಸ್ಕಾ ಅವರನ್ನು ಕರೆಸಿ ಸ್ಟೇಡಿಯಂನಲ್ಲಿ ಗೌರವಿಸಿದ್ದು 2024ರ ವಸಂತದಲ್ಲಿ. ಇಪ್ಪತ್ತು ವರ್ಷ ತಡವಾದರೂ ಅದು ಆಗಲೇಬೇಕಿತ್ತು. ಜನ ಎದ್ದು ನಿಂತಾಗ ನನಗೆ ಕಣ್ಣು ತುಂಬಿ ಬಂತು.

ಕ್ಯಾಲಹನ್ ನಂತರದ ಪೆಲೀನಿ ಪ್ರಕರಣ ಇನ್ನೂ ಸಿಕ್ಕುಸಿಕ್ಕಾದದ್ದು. 2008ರಿಂದ 2014ರವರೆಗೆ ಏಳು ಸೀಸನ್, ಪ್ರತಿ ಸೀಸನ್ನಿನಲ್ಲೂ ಒಂಬತ್ತೋ ಹತ್ತೋ ಗೆಲುವು. ಒಂದು ವರ್ಷವೂ ತಪ್ಪಿಸಲಿಲ್ಲ. ಹಾಗೆಯೇ ಪ್ರತಿ ವರ್ಷ ನಾಲ್ಕು ಸೋಲೂ ತಪ್ಪಲಿಲ್ಲ, ಅದರಲ್ಲಿ ಕೆಲವು ನೋಡಲಾಗದಂಥವು. 2012ರಲ್ಲಿ, ಆಗ ನೆಬ್ರಾಸ್ಕಾ ಆಡುತ್ತಿದ್ದ ಬಿಗ್ ಟೆನ್ ಕಾನ್ಫರೆನ್ಸಿನ ಫೈನಲ್‌ನಲ್ಲಿ ವಿಸ್ಕಾನ್ಸಿನ್ ಎದುರು 70-31ರ ಸೋಲು. 2014ರಲ್ಲಿ ಅದೇ ವಿಸ್ಕಾನ್ಸಿನ್‌ನ ಮೆಲ್ವಿನ್ ಗಾರ್ಡನ್ ಒಬ್ಬನೇ 408 ಗಜ ಓಡಿದ. ಜೊತೆಗೆ ಅಭಿಮಾನಿಗಳನ್ನೇ ಬಯ್ದ ಹಳೆಯ ಧ್ವನಿಮುದ್ರಣವೊಂದು 2013ರಲ್ಲಿ ಹೊರಬಿದ್ದು, ಪೆಲೀನಿ ಕ್ಷಮೆ ಕೇಳಬೇಕಾಯಿತು. 2014ರಲ್ಲಿ ಅಯೋವಾವನ್ನು ಅವರದ್ದೇ ನೆಲದಲ್ಲಿ ಹೆಚ್ಚುವರಿ ಅವಧಿಯಲ್ಲಿ ಸೋಲಿಸಿ ಒಂಬತ್ತನೇ ಗೆಲುವು ತಂದ ಎರಡೇ ದಿನಕ್ಕೆ ಅವರನ್ನು ಕಳಿಸಿದರು. ಇಲ್ಲಿ ನಾನು ಮೊದಲ ನಿರ್ಧಾರವನ್ನು ಅಷ್ಟಾಗಿ ದೂರುವುದಿಲ್ಲ. ಮನುಷ್ಯನಿಗೂ ಊರಿಗೂ ಸಂಬಂಧ ಹಳಸಿತ್ತು. ಎರಡನೆಯದು ಮಾತ್ರ ಮತ್ತೆ ಕೈಕೊಟ್ಟಿತು. ಬಂದ ಮೈಕ್ ರೈಲಿ ಸಜ್ಜನ, ಸೌಮ್ಯ ಸ್ವಭಾವದವರು. ಪೆಲೀನಿಯಲ್ಲಿ ಜನರಿಗೆ ಏನು ಚುಚ್ಚುತ್ತಿತ್ತೋ ಅದು ಅವರಲ್ಲಿ ಇರಲಿಲ್ಲ. ಮೂರು ವರ್ಷದ ಲೆಕ್ಕ 19 ಗೆಲುವು, 19 ಸೋಲು. ಹಿಂದಿನವನಲ್ಲಿ ಬೇಸರ ತಂದದ್ದು ಯಾವುದೋ ಅದರ ವಿರುದ್ಧ ಗುಣವನ್ನೇ ಮುಂದಿನವನಲ್ಲಿ ಹುಡುಕುವುದು ಎಲ್ಲ ಅಥ್ಲೆಟಿಕ್ ಡೈರೆಕ್ಟರ್‌ಗಳ ಚಾಳಿ. ಸಿಡುಕನ ಜಾಗಕ್ಕೆ ಸೌಮ್ಯ, ಮುದುಕರ ಜಾಗಕ್ಕೆ ತರುಣ, ಡಿಫೆನ್ಸ್ ಬಲ್ಲವನ ಜಾಗಕ್ಕೆ ಅಫೆನ್ಸ್ ಬಲ್ಲವನು. ಪಂದ್ಯ ಗೆಲ್ಲಲು ಏನು ಬೇಕು ಅನ್ನುವುದು ಆ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ.

ರೈಲಿ ಜಾಗಕ್ಕೆ 2018ರಲ್ಲಿ ಬಂದ ಸ್ಕಾಟ್ ಫ್ರಾಸ್ಟ್ ಬಗ್ಗೆ ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವುಡ್ ರಿವರ್ ಎಂಬ ಇಲ್ಲಿಯದೇ ಸಣ್ಣ ಊರಿನ ಹುಡುಗ. 1997ರ ಪ್ರಶಸ್ತಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್. 2017ರಲ್ಲಿ ಯುಸಿಎಫ್ (ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ) ತಂಡವನ್ನು 13-0 ಮಾಡಿ ದೇಶದ ಕಣ್ಣು ಸೆಳೆದವರು. ಅವರು ಊರಿಗೆ ವಾಪಸಾದ ದಿನ ನನ್ನ ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದರು. ನಾಲ್ಕು ವರ್ಷ ಮತ್ತು ಮೂರು ಪಂದ್ಯ, 16 ಗೆಲುವು, 31 ಸೋಲು. 2021ರಲ್ಲಿ ಸೋತ ಒಂಬತ್ತೂ ಪಂದ್ಯಗಳು ಒಂಬತ್ತು ಪಾಯಿಂಟ್ ಒಳಗಿನ ಅಂತರದಲ್ಲಿ ಸೋತವು. ಅಷ್ಟು ಹತ್ತಿರ ಬಂದು ಬಂದು ಸೋಲುವುದನ್ನು ನೋಡುವುದಕ್ಕಿಂತ ಹೀನಾಯವಾಗಿ ಸೋಲುವುದು ವಾಸಿ ಅನ್ನಿಸುತ್ತಿತ್ತು. "ಇನ್ನೊಂದು ವರ್ಷ ಕೊಡಿ, ನಮ್ಮ ಹುಡುಗ" ಅನ್ನುವವರೇ ಹೆಚ್ಚಾಗಿದ್ದರು. ಹೊರಗಿನವನಾಗಿದ್ದರೆ ಇದರರ್ಧ ತಾಳ್ಮೆಯೂ ಸಿಗುತ್ತಿರಲಿಲ್ಲ. 2021ರ ಕೊನೆಗೆ ಅವರ ಸಂಬಳ ಇಳಿಸಿ, ಸಹಾಯಕರನ್ನು ಬದಲಾಯಿಸಿ ಇಟ್ಟುಕೊಂಡರು. 2022ರ ಮೊದಲ ಪಂದ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ಎದುರು. 28-17ರಿಂದ ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದರು, ಅಂದರೆ ಚೆಂಡನ್ನು ದೂರ ಒದೆಯುವ ಬದಲು ಹತ್ತಿರಕ್ಕೆ ಒದ್ದು ತಾವೇ ಹಿಡಿಯುವ ಜೂಜು. ಚೆಂಡು ಎದುರಾಳಿಯ ಪಾಲಾಯಿತು, ಪಂದ್ಯ 31-28ರಿಂದ ಹೋಯಿತು. ಎರಡು ವಾರದ ನಂತರ ಜಾರ್ಜಿಯಾ ಸದರ್ನ್ ಲಿಂಕನ್‌ಗೇ ಬಂದು 45-42ರಿಂದ ಗೆದ್ದಿತು. ಮರುದಿನ, ಸೆಪ್ಟೆಂಬರ್ 11ರಂದು ಫ್ರಾಸ್ಟ್ ಹೊರನಡೆದರು.

ಇಲ್ಲಿ ದುಡ್ಡಿನ ಮಾತು ಬರುತ್ತದೆ, ಅಭಿಮಾನಿಗಳ ವಾದದಲ್ಲಿ ಅರ್ಧ ಅದೇ. ಕೋಚ್ ಜೊತೆ ಐದು, ಏಳು, ಹತ್ತು ವರ್ಷದ ಒಪ್ಪಂದ ಮಾಡಿಕೊಳ್ಳುತ್ತಾರೆ. ನಡುವೆ ತೆಗೆದರೆ ಉಳಿದ ಸಂಬಳದ ದೊಡ್ಡ ಪಾಲನ್ನು ಕೊಡಬೇಕು, ಅದು ಬೈಔಟ್. ಫ್ರಾಸ್ಟ್ ಬೈಔಟ್ ಅವತ್ತಿಗೆ ಒಂದೂವರೆ ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅದು 75 ಲಕ್ಷಕ್ಕೆ ಇಳಿಯುತ್ತಿತ್ತು. ಮೂರು ವಾರಕ್ಕೆ 75 ಲಕ್ಷ ಡಾಲರ್! ಅದಕ್ಕೂ ಜನ ತಯಾರಿದ್ದರು. ಟೆಕ್ಸಸ್ ಎ ಅಂಡ್ ಎಂ 2023ರ ನವೆಂಬರ್‌ನಲ್ಲಿ ಜಿಂಬೋ ಫಿಶರ್ ಅವರನ್ನು ಕಳಿಸಲು ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚಿನ ಹೊಣೆ ಹೊತ್ತಿತು. ಆ ಹೊಣೆ ಹುಟ್ಟಿದ್ದು 2021ರಲ್ಲಿ, ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ (ಎಲ್‌ಎಸ್‌ಯು) ಅವರನ್ನು ಎಳೆದುಕೊಂಡೀತು ಎಂಬ ಮಾತು ಹಬ್ಬಿದ್ದ ಹೊತ್ತಿಗೆ ಕೊಟ್ಟ ಹೊಸ ಒಪ್ಪಂದದಿಂದ. ಈ ಹಣ ದಾನಿಗಳ, ಟಿವಿ ಹಕ್ಕಿನ, ಟಿಕೆಟ್ಟಿನ ಹಣ, ತೆರಿಗೆಯದ್ದಲ್ಲ ಅನ್ನುವ ಸಮಾಧಾನ ಪ್ರತಿ ಸಲ ಕೇಳಿಬರುತ್ತದೆ. ಇರಬಹುದು. ಆದರೂ ಕೆಲಸ ಬಿಡಿಸಲು ಒಬ್ಬರಿಗೆ ಕೊಡುವ ಮೊತ್ತದಲ್ಲಿ ಎಷ್ಟು ಪ್ರಯೋಗಾಲಯ ಕಟ್ಟಬಹುದಿತ್ತು ಅಂತ ವಿಶ್ವವಿದ್ಯಾಲಯದಲ್ಲಿ ಓದಿದ ನನ್ನಂಥವರಿಗೆ ಅನ್ನಿಸದೆ ಇರುವುದಿಲ್ಲ. ಹೆಡ್ ಕೋಚ್ ಹೋದರೆ ಜೊತೆಗಿದ್ದ ಸಹಾಯಕರಲ್ಲಿ ಹೆಚ್ಚಿನವರೂ ಗಂಟುಮೂಟೆ ಕಟ್ಟುತ್ತಾರೆ. ಅವರಿಗೆ ಈ ಮಟ್ಟದ ಬೈಔಟ್ ಇರುವುದಿಲ್ಲ. ಹೆಂಡತಿ ಕೆಲಸ, ಮಕ್ಕಳ ಶಾಲೆ ಎಲ್ಲ ಬಿಟ್ಟು ಹೊರಡಬೇಕು. ಈ ಕೋಚನ್ನೇ ನಂಬಿ ಬಂದ ಹದಿನೆಂಟರ ಹುಡುಗರದ್ದು ಇನ್ನೊಂದು ಪಾಡು.

2025ರ ಅಕ್ಟೋಬರ್ ಹಿಂದೆಂದೂ ಕಾಣದಂಥ ತಿಂಗಳು. ಪೆನ್ ಸ್ಟೇಟ್‌ನ ಜೇಮ್ಸ್ ಫ್ರಾಂಕ್ಲಿನ್ ಅದೇ ವರ್ಷದ ಜನವರಿಯಲ್ಲಿ ರಾಷ್ಟ್ರೀಯ ಸೆಮಿಫೈನಲ್ ಆಡಿಸಿದ್ದವರು, ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಗೆದ್ದವರು. ಸಾಲಾಗಿ ಮೂರು ಸೋತದ್ದಕ್ಕೆ ಅಕ್ಟೋಬರ್ 12ರಂದು ಹೋದರು. ಅದೇ ತಿಂಗಳು ಫ್ಲಾರಿಡಾದ ಬಿಲ್ಲಿ ನೇಪಿಯರ್, ಎಲ್‌ಎಸ್‌ಯುನ ಬ್ರಯನ್ ಕೆಲಿ. ಇಷ್ಟು ಅವಸರಕ್ಕೆ ಕಾರಣವಿದೆ. ಹೈಸ್ಕೂಲ್ ಹುಡುಗರು ಮುಂದಿನ ವರ್ಷಕ್ಕೆ ಸಹಿ ಹಾಕುವುದು ಡಿಸೆಂಬರ್ ಮೊದಲಲ್ಲಿ, ಬೇರೆ ಕಾಲೇಜಿನಿಂದ ಆಟಗಾರರನ್ನು ಸೆಳೆಯುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುವುದು ಜನವರಿ ಮೊದಲಲ್ಲಿ. ಅಷ್ಟರೊಳಗೆ ಹೊಸ ಕೋಚ್ ಕುರ್ಚಿಯಲ್ಲಿ ಇರಬೇಕು ಅನ್ನುವ ಲೆಕ್ಕ. ಆದರೆ ಪೆನ್ ಸ್ಟೇಟ್‌ಗೆ ಮ್ಯಾಟ್ ಕ್ಯಾಂಪ್ಬೆಲ್ ಸಿಕ್ಕಿದ್ದು ಡಿಸೆಂಬರ್‌ನಲ್ಲಿ, ಎರಡು ತಿಂಗಳ ಹತ್ತಿರ ಹುಡುಕಿದ ಮೇಲೆ. ಮೊದಲು ಕಳಿಸುವುದು, ಆಮೇಲೆ ಯೋಚಿಸುವುದು.

ಕಳಿಸುವವರ ಪರವಾಗಿ ಇರುವ ಅತಿ ಬಲವಾದ ಸಾಕ್ಷಿ ಇಂಡಿಯಾನಾ, ಅದನ್ನು ಮರೆಮಾಚಬಾರದು. ಚರಿತ್ರೆಯುದ್ದಕ್ಕೂ ಸೋಲನ್ನೇ ಹೊದ್ದುಕೊಂಡಿದ್ದ ಆ ತಂಡ 2023ರ ಕೊನೆಗೆ ಟಾಮ್ ಅಲೆನ್ ಅವರನ್ನು ಒಂದೂವರೆ ಕೋಟಿ ಡಾಲರ್ ಮೇಲೆ ಕೊಟ್ಟು ಕಳಿಸಿ ಕರ್ಟ್ ಸಿಗ್ನೆಟಿ ಅವರನ್ನು ತಂದಿತು. ಮೊದಲ ವರ್ಷವೇ 11 ಗೆಲುವು. 2025ರಲ್ಲಿ ಓಹಾಯೋ ಸ್ಟೇಟನ್ನು 13-10ರಿಂದ ಮಣಿಸಿ ಬಿಗ್ ಟೆನ್ ಪ್ರಶಸ್ತಿ. ಇಂಡಿಯಾನಾಗೆ ಆಗುವುದು ನಮಗೆ ಯಾಕಾಗದು ಅಂತ ಇವತ್ತು ಪ್ರತಿ ಊರಿನಲ್ಲೂ ಕೇಳುತ್ತಾರೆ, ಒಮಾಹಾದಲ್ಲಂತೂ ದಿನಾ. ಆದರೆ ಇಂಡಿಯಾನಾದಲ್ಲಿ ಫಲ ಕೊಟ್ಟದ್ದು ಯಾವುದು? ಸಿಗ್ನೆಟಿ ಹೋದ ಕಡೆಯೆಲ್ಲ ಗೆದ್ದು ತೋರಿಸಿದ್ದವರು. ಜೇಮ್ಸ್ ಮ್ಯಾಡಿಸನ್‌ನಿಂದ ಬರುವಾಗ ಹತ್ತಕ್ಕೂ ಹೆಚ್ಚು ಆಟಗಾರರನ್ನೂ ನಂಬಿಕಸ್ತ ಸಹಾಯಕರನ್ನೂ ಜೊತೆಗೇ ಕರೆತಂದರು. ಹೊರಹಾಕಿದ ನಿರ್ಧಾರ ಎಲ್ಲ ಕಡೆ ಒಂದೇ ಥರ ಇರುತ್ತದೆ, ಇಂಡಿಯಾನಾದವರು ಒಳತಂದ ನಿರ್ಧಾರ ಬೇರೆಯಾಗಿತ್ತು.

ಕೊಲೊರಾಡೋ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞರೂ ಸೇರಿದಂತೆ ಕೆಲವರು ದೊಡ್ಡ ಕಾಲೇಜುಗಳ ಕೋಚ್ ಬದಲಾವಣೆಗಳನ್ನು ಅಂಕಿಅಂಶ ಹಿಡಿದು ಅಧ್ಯಯನ ಮಾಡಿದ್ದಾರೆ. ತೀರಾ ಕಳಪೆಯಾಗಿದ್ದ ತಂಡಗಳು ಕೋಚ್ ಬದಲಾಯಿಸಿದರೂ ಬದಲಾಯಿಸದಿದ್ದರೂ ಹೆಚ್ಚುಕಡಿಮೆ ಒಂದೇ ರೀತಿ ಮುಂದುವರಿದವು. ಮಧ್ಯಮ ಮಟ್ಟದಲ್ಲಿದ್ದು ಬದಲಾಯಿಸಿದ ತಂಡಗಳು, ಬದಲಾಯಿಸದ ಅಂಥವೇ ತಂಡಗಳಿಗಿಂತ ಹಿಂದೆ ಬಿದ್ದವು. ಇದನ್ನು ನಾನು ನೆಬ್ರಾಸ್ಕಾದ ಗೆಳೆಯರಿಗೆ ಹೇಳಿದರೆ ಕೊಲೊರಾಡೋದವರ ಮಾತು ಬೇಡ ಅನ್ನುತ್ತಾರೆ. ನಮ್ಮ ಇಪ್ಪತ್ತು ವರ್ಷವೇ ಇದನ್ನು ಹೇಳುತ್ತಿದೆಯಲ್ಲ ಅಂದರೆ ಸುಮ್ಮನಾಗುತ್ತಾರೆ.

ಯಾಕೆಂದರೆ ಈ ತಂಡಕ್ಕೆ ಪೆಟ್ಟು ಬಿದ್ದದ್ದು ಕೋಚ್‌ಗಳಿಂದ ಮಾತ್ರ ಅಲ್ಲ. ಒಂದು ಕಾಲದಲ್ಲಿ ಎಷ್ಟು ಹುಡುಗರಿಗೆ ಬೇಕಾದರೂ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಎಪ್ಪತ್ತರ ದಶಕದಲ್ಲಿ ಮಿತಿ ಬಂತು, 1994ರ ಹೊತ್ತಿಗೆ ಅದು 85ಕ್ಕೆ ಇಳಿಯಿತು. ದೊಡ್ಡ ತಂಡಗಳು ತುಂಬಿಟ್ಟುಕೊಳ್ಳುತ್ತಿದ್ದ ಹುಡುಗರು ಎಲ್ಲ ಕಡೆ ಹಂಚಿಹೋದರು. 1996ರಲ್ಲಿ ನೆಬ್ರಾಸ್ಕಾ ಸೇರಿದ್ದ ಬಿಗ್ 12 ಕಾನ್ಫರೆನ್ಸ್ ಶುರುವಾದಾಗ ಪ್ರವೇಶದ ಅರ್ಹತೆಯ ನಿಯಮ ಬಿಗಿಯಾಯಿತು, ನೆಬ್ರಾಸ್ಕಾಗೆ ಬರುತ್ತಿದ್ದ ಕೆಲವರ ದಾರಿ ಮುಚ್ಚಿತು. ಟಿವಿಯಲ್ಲಿ ಎಲ್ಲರ ಪಂದ್ಯವೂ ಬರತೊಡಗಿದ ಮೇಲೆ ಟಿವಿಯಲ್ಲಿ ಕಾಣುವ ತಂಡ ಎಂಬ ನೆಬ್ರಾಸ್ಕಾದ ಹೆಚ್ಚುಗಾರಿಕೆ ಉಳಿಯಲಿಲ್ಲ. 2011ರಲ್ಲಿ ಬಿಗ್ ಟೆನ್ ಸೇರಿದ್ದರಿಂದ ಟಿವಿ ಹಣ ಬಂತು, ಪ್ರತಿಭೆಯ ಗಣಿಯಾದ ಟೆಕ್ಸಸ್‌ಗೆ ಪ್ರತಿ ವರ್ಷ ಹೋಗಿ ಆಡುವುದು ತಪ್ಪಿತು. ಹಳ್ಳಿ ಹಳ್ಳಿಯ ರೈತರ ಮಕ್ಕಳು ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಬಂದು ನಾಲ್ಕು ವರ್ಷ ಬೆವರಿಳಿಸಿ ತಂಡದಲ್ಲಿ ಜಾಗ ಗಿಟ್ಟಿಸಿಕೊಳ್ಳುವುದು ಈ ರಾಜ್ಯದ ಹೆಮ್ಮೆಯಾಗಿತ್ತು. 2025ರಿಂದ ತಂಡದ ಗಾತ್ರಕ್ಕೇ 105ರ ಮಿತಿ ಬಂದು ಅದಕ್ಕೂ ಕತ್ತರಿ ಬಿತ್ತು. ಇಷ್ಟೆಲ್ಲ ಬದಲಾದ ಮೇಲೆ ಪ್ರತಿ ನಾಲ್ಕು ವರ್ಷಕ್ಕೆ ಕೋಚನ್ನು ಓಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ರೈಲಿಯ ಕೊನೆಯ ವರ್ಷ 2017ರಿಂದ 2023ರವರೆಗೆ ಸತತ ಏಳು ಸೀಸನ್ ಗೆಲುವಿಗಿಂತ ಸೋಲೇ ಹೆಚ್ಚು. ಮೂವರು ಪೂರ್ಣಾವಧಿ ಕೋಚ್‌ಗಳು, ನಡುವೆ ಒಬ್ಬರು ಹಂಗಾಮಿ, ಫಲಿತಾಂಶ ಮಾತ್ರ ಒಂದೇ.

ಹಾಗಂತ ಅಭಿಮಾನಿಗಳು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವ ಪಂಗಡದವನು ನಾನಲ್ಲ. ಆ ಎಂಬತ್ತೈದು ಸಾವಿರ ಜನ ಏಳು ವರ್ಷ ಸೋಲನ್ನು ನೋಡಿಯೂ, ಕೊರೊನಾದಿಂದ ಜನರನ್ನು ಒಳಗೆ ಬಿಡದ 2020 ಬಿಟ್ಟರೆ, ಒಂದು ಶನಿವಾರವೂ ಸ್ಟೇಡಿಯಂ ಖಾಲಿ ಬಿಡಲಿಲ್ಲ. ಕೇಳುವ ಹಕ್ಕನ್ನು ಅವರು ಸಂಪಾದಿಸಿಕೊಂಡಿದ್ದಾರೆ. ಸ್ಟೇಡಿಯಂ ಗೋಡೆಯ ಮೇಲೆ ಇಲ್ಲಿನ ತತ್ವಶಾಸ್ತ್ರದ ಪ್ರೊಫೆಸರ್ ಆಗಿದ್ದ ಹಾರ್ಟ್ಲಿ ಬರ್ ಅಲೆಕ್ಸಾಂಡರ್ ಬರೆದ ಸಾಲುಗಳಿವೆ. ಗೆಲುವಿಗಿಂತ ಕ್ರಿಯೆ, ಗುರಿಗಿಂತ ಆಟ, ಮಾಡುವುದರಲ್ಲೇ ಹಿರಿಮೆ ಅನ್ನುವುದು ಅದರ ಸಾರ. ನನಗೆ ಆ ಸಾಲುಗಳು ಇಷ್ಟ, ಕೆಳಗೆ ನಿಂತು ಎಷ್ಟೋ ಸಲ ಓದಿದ್ದೇನೆ. ಆದರೂ ಅದನ್ನು ಸೋತ ಕೋಚ್ ಕುರ್ಚಿ ಉಳಿಸಿಕೊಳ್ಳಲು ಬಳಸುವಂತಿಲ್ಲ. ಚೆನ್ನಾಗಿ ಆಡದ ತಂಡ ಆಟಕ್ಕೂ ಗೌರವ ಕೊಟ್ಟಂತಲ್ಲ. ಫ್ರಾಸ್ಟ್ ಅವರನ್ನು ಕಳಿಸಲೇಬೇಕಿತ್ತು, 2022ಕ್ಕಿಂತ ಮೊದಲೇ ಕಳಿಸಬೇಕಿತ್ತು. ಸೋಲಿಚ್ ಅವರನ್ನು ಕಳಿಸಬಾರದಿತ್ತು. ಒಬ್ಬರನ್ನು ದಿಗಿಲಿನಿಂದ ಕಳೆದುಕೊಂಡೆವು, ಇನ್ನೊಬ್ಬರನ್ನು ಪ್ರೀತಿಯಿಂದ ಇಟ್ಟುಕೊಂಡೆವು. ಎರಡು ಸಲವೂ ಆಟವನ್ನು ನೋಡಿ ನಿರ್ಧರಿಸಲಿಲ್ಲ.

ಈಗಿನ ಸರದಿ ಮ್ಯಾಟ್ ರೂಲ್ ಅವರದ್ದು. 2023ರಲ್ಲಿ ಬಂದಾಗ ಅವರ ಹಿಂದಿನ ದಾಖಲೆ ಎಲ್ಲರಿಗೂ ಬಾಯಿಪಾಠವಾಗಿತ್ತು: ಟೆಂಪಲ್‌ನಲ್ಲಿ ಮೊದಲ ವರ್ಷ 2 ಗೆಲುವು, ಮೂರನೇ ವರ್ಷ 10. ಬೇಲರ್‌ನಲ್ಲಿ ಮೊದಲ ವರ್ಷ 1, ಮೂರನೇ ವರ್ಷ 11. ನೆಬ್ರಾಸ್ಕಾದಲ್ಲಿ ಮೊದಲು 5-7. 2024ರಲ್ಲಿ ಪಿನ್‌ಸ್ಟ್ರೈಪ್ ಬೌಲ್‌ನಲ್ಲಿ ಬಾಸ್ಟನ್ ಕಾಲೇಜನ್ನು ಸೋಲಿಸಿ 7-6, ಎಂಟು ವರ್ಷದ ಬರ ಮುಗಿಸಿದ ಬೌಲ್ ಪಂದ್ಯ ಅದು. ಮೂರನೇ ವರ್ಷ ನೆಗೆಯುತ್ತದೆ ಅಂತ ಊರೇ ಕಾದಿತ್ತು. 2025ರ ಅಕ್ಟೋಬರ್ ಕೊನೆಗೆ, ಪೆನ್ ಸ್ಟೇಟ್ ಅವರನ್ನು ಕರೆಯುತ್ತದೆ ಎಂಬ ಗುಲ್ಲಿನ ನಡುವೆ, 2032ರವರೆಗೆ ಒಪ್ಪಂದ ವಿಸ್ತರಿಸಿದರು. ನವೆಂಬರ್ ಮೊದಲ ದಿನವೇ ಕ್ವಾರ್ಟರ್‌ಬ್ಯಾಕ್ ಡಿಲನ್ ರಯೋಲಾ ಕಾಲು ಮುರಿದುಕೊಂಡ. ಕೊನೆಯ ಎರಡು ಪಂದ್ಯ, ಪೆನ್ ಸ್ಟೇಟ್ ಮತ್ತು ಅಯೋವಾ ಎದುರು, ದೊಡ್ಡ ಅಂತರದಲ್ಲಿ ಹೋದವು. 7-5. ಮಿಸೌರಿ ನದಿ ದಾಟಿದರೆ ಅಯೋವಾ, ನನ್ನ ಆಫೀಸಿನಲ್ಲಿ ಅರ್ಧ ಜನ ಆ ಕಡೆಯವರು. ಆ ಸೋಮವಾರ ಕಾಫಿ ಯಂತ್ರದ ಹತ್ತಿರ ಹೋಗುವುದು ಕಷ್ಟವಾಗಿತ್ತು, ಕಳಿಸಬೇಕೋ ಇಡಬೇಕೋ ಅನ್ನುವ ಮಾತು ಆಗಲೇ ಶುರುವಾಗಿತ್ತು.

ನನ್ನ ಮತ ಇರಲಿ ಅನ್ನುವುದಕ್ಕೆ. ಒಪ್ಪಂದದ ಮೊತ್ತ ದೊಡ್ಡದು ಅನ್ನುವ ಕಾರಣಕ್ಕಲ್ಲ. ಈ ಮನುಷ್ಯ ಸಣ್ಣ ಅಂತರದ ಪಂದ್ಯಗಳನ್ನು ಗೆಲ್ಲುವುದನ್ನು ತಂಡಕ್ಕೆ ಮತ್ತೆ ಕಲಿಸುತ್ತಿದ್ದಾರೆ, ಹೈಸ್ಕೂಲ್ ಕೋಚ್‌ಗಳನ್ನು ಮತ್ತೆ ಹತ್ತಿರ ಮಾಡಿಕೊಂಡಿದ್ದಾರೆ, ಮತ್ತು ಸೀಸನ್ ಮುಗಿದ ಕೂಡಲೇ ಡಿಫೆನ್ಸ್ ಕೋಆರ್ಡಿನೇಟರನ್ನು ಬದಲಾಯಿಸಿ, ನೋವು ಎಲ್ಲಿದೆ ಅಂತ ತಮಗೆ ಗೊತ್ತು ಅಂತ ತೋರಿಸಿದ್ದಾರೆ. ಎದುರಾಳಿಯ ಓಟವನ್ನು ನಿಲ್ಲಿಸಲಾಗದ್ದೇ 2025ರ ಮುಖ್ಯ ರೋಗ. 2026ರಲ್ಲಿ ನಾನು ನೋಡುವುದು ಗೆಲುವಿನ ಸಂಖ್ಯೆಗಿಂತ ಮೊದಲು ಅದನ್ನೇ. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಅಯೋವಾದ ಹುಡುಗರು ನಮ್ಮ ಸಾಲನ್ನು ಇನ್ನೂ ಹಿಂದಕ್ಕೆ ತಳ್ಳುತ್ತಿದ್ದರೆ ಈ ರೂಲ್ ಬೇಡ ಅಂತ ನಾನೂ ಹೇಳುತ್ತೇನೆ. ಹೇಳುವಾಗ ಮುಂದೆ ಯಾರು ಬರಬೇಕು, ಅವರು ಯಾವ ಆಟ ಆಡಿಸುತ್ತಾರೆ, ಹುಡುಗರನ್ನು ಎಲ್ಲಿಂದ ತರುತ್ತಾರೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.